ಶೇಖಮ್ಮ ಟೀಚರ್ ಹಾರಿದ ಸುದ್ದಿ

ಕಾಲುವೆ ದಂಡೆಯ ಊರುಗಳಲ್ಲಿ ಬೆಳೆದವರಿಗೆ ಒಂದು ವಿದ್ಯೆ ತಾನಾಗಿಯೇ ಬಂದಿರುತ್ತದೆ. ದಂಡೆಯ ಮೇಲೆ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದರೆ ಯಾರೋ ಬಟ್ಟೆ ಒಗೆಯಲು ಇಳಿದಿದ್ದಾರೆ, ಇಲ್ಲವೇ ಎಮ್ಮೆ ತೊಳೆಯಲು. ಅದೇ ಚಪ್ಪಲಿ ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದರೆ ನೋಡಿದವರ ಎದೆ ಧಸಕ್ಕೆನ್ನುತ್ತದೆ. ಬದುಕು ಸಾಕೆಂದು ನೀರಿಗೆ ಹಾರುವವರು ಅದೇಕೋ ಚಪ್ಪಲಿಯನ್ನು ಮಾತ್ರ ಅಚ್ಚುಕಟ್ಟಾಗಿ ಬಿಟ್ಟು ಹೋಗುತ್ತಾರೆ. ಶಹಾಪುರದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿರುವ ಶೇಖಮ್ಮನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ಭಾನುವಾರ ಬೆಳಿಗ್ಗೆ ಅವಳ ತಲೆಯಲ್ಲಿ ಸ್ಪರ್ಧೆಯೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ.

ಅದೆಂಥ ಸ್ಪರ್ಧೆ ಎಂದು ಮೊದಲು ಹೇಳಿಬಿಡಬೇಕು. ಮಹಾರಾಷ್ಟ್ರದ ಕಡೆ ಒಂದು ಊರಿನ ಕೆರೆಯಲ್ಲಿ ಹತ್ತಿರ ಹತ್ತಿರ ಎರಡು ಕಿಲೋಮೀಟರ್ ಈಜಬೇಕು. ಎದ್ದು ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ತೊಂಬತ್ತು ಕಿಲೋಮೀಟರ್ ತುಳಿಯಬೇಕು. ಇಳಿದ ಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ಇದೆಲ್ಲ ಒಂದೇ ದಿನ, ಇದ್ದೊಂದು ಮೈಯಲ್ಲಿ. ಟ್ರಯಥ್ಲಾನ್ ಎನ್ನುತ್ತಾರೆ. ಈಜಿಗೆ ಒಂದು ತಾಸು ಹತ್ತು ನಿಮಿಷದ ಗಡುವು. ಅಷ್ಟರೊಳಗೆ ಎದ್ದು ಬರದವರಿಗೆ ಸೈಕಲ್ ಮುಟ್ಟಲು ಬಿಡುವುದಿಲ್ಲ. ಕೂರಿಸಿ, ಬಿಸಿ ಚಹಾ ಕೊಟ್ಟು, ಬೆನ್ನು ತಟ್ಟಿ ಮನೆಗೆ ಕಳಿಸುತ್ತಾರೆ.

ಇಬ್ಬರು ಮಕ್ಕಳ ತಾಯಿಗೆ, ನಲವತ್ತರ ಹತ್ತಿರ ಬಂದ ಹೆಂಗಸಿಗೆ ಈ ಉಸಾಬರಿ ಯಾಕೆ ಬೇಕಿತ್ತು ಎಂದು ಕೇಳಿದವರೇ ಹೆಚ್ಚು. ಬೇಕಿತ್ತೋ ಇಲ್ಲವೋ, ಅದು ಬಂದದ್ದು ಹೀಗೆ. ಯಾದಗಿರಿಯಲ್ಲಿ ಆಟದ ಶಿಕ್ಷಕರಿಗೆ ಮೂರು ದಿನದ ತರಬೇತಿ ಇತ್ತು. ಕೊನೆಯ ದಿನ ಹೊರಗಿನಿಂದ ಬಂದವರೊಬ್ಬರು ಇಂಥ ಸ್ಪರ್ಧೆಯ ವಿಡಿಯೋ ತೋರಿಸಿ, ನಿಮ್ಮಲ್ಲಿ ಯಾರಾದರೂ ಪ್ರಯತ್ನ ಮಾಡುತ್ತೀರಾ ಎಂದರು. ಹಿಂದಿನ ಬೆಂಚಿನಿಂದ ಒಬ್ಬರು, ನಮ್ಮದು ಸೀಟಿ ಊದೋ ನೌಕರಿ ಸರ್, ಎಂದರು. ಎಲ್ಲರೂ ನಕ್ಕರು. ಶೇಖಮ್ಮನಿಗೆ ನಗು ಬರಲಿಲ್ಲ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವಳ ಪಿರಿಯಡ್ಡುಗಳೆಲ್ಲ ಗಣಿತದವರ, ಇಂಗ್ಲಿಷಿನವರ ಪಾಲಾಗಿದ್ದವು; ಅವಳು ಸೀಟಿಯನ್ನಾದರೂ ನೆಟ್ಟಗೆ ಊದಿದ್ದಿಲ್ಲ. ಕೈ ಮೇಲೆದ್ದುಬಿಟ್ಟಿತು. ಎತ್ತಿದ ಕೈಯನ್ನು ಇಳಿಸುವುದು ಹೇಗೆಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಮೊದಲ ತಿಂಗಳು ನರಕ. ಶಹಾಪುರದಿಂದ ಸುರಪುರದ ಕಡೆ ಸೈಕಲ್ ತುಳಿದರೆ ಎದುರುಗಾಳಿ, ಹೊಳ್ಳಿ ಬರುವಾಗಲೂ ಎದುರುಗಾಳಿ. ಗಾಳಿಗೆ ತನ್ನ ಮೇಲೇನು ಸಿಟ್ಟೋ ಎಂದು ಅವಳು ಬೈದುಕೊಳ್ಳುತ್ತಿದ್ದಳು. ಗುಡ್ಡದ ಸುತ್ತ ಓಡಿದರೆ ಮೊಣಕಾಲು ಕುಂಯ್ ಎನ್ನುತ್ತಿತ್ತು. ಶಾಲೆಯಲ್ಲಿ ಕುರ್ಚಿಯ ಮೇಲೆ ಕೂರುವಾಗ ಮುಖ ಹಿಂಡಿಕೊಳ್ಳುವುದನ್ನು ಹುಡುಗಿಯರೆಲ್ಲ ನೋಡುತ್ತಿದ್ದರು. ಈಜಲು ಭೀಮರಾಯನಗುಡಿಯ ಹತ್ತಿರದ ಕಾಲುವೆ ಇತ್ತು. ಮೇಲಿನ ಸೇತುವೆಯ ಬಳಿ ಇಳಿದು ಕೆಳಗಿನ ಸೇತುವೆಯ ಬಳಿ ಏಳುವುದು. ನಡುವಿನ ದೂರ ಸ್ಪರ್ಧೆಯ ದೂರದಷ್ಟೇ. ಗಂಡ ಮರಿಲಿಂಗಪ್ಪ ಅವಳ ಚಪ್ಪಲಿ, ಟವೆಲ್ಲು ಹಿಡಿದು ಮೋಟರ್‌ಸೈಕಲ್ ಮೇಲೆ ದಂಡೆಯುದ್ದಕ್ಕೂ ಬಂದು ಕೆಳಗಿನ ಸೇತುವೆಯಲ್ಲಿ ಕಾಯುತ್ತಿದ್ದ. ಟೈಮು ನೋಡುವ ಕೆಲಸ ಅವನದು.

ಮರಿಲಿಂಗಪ್ಪ ನೀರಾವರಿ ಕ್ಯಾಂಪಿನ ನೌಕರ. ಯಾವ ಕಾಲುವೆಯಲ್ಲಿ ನೀರು ಎಷ್ಟು ಎತ್ತರ ಇದೆ, ಎಷ್ಟು ಜೋರಾಗಿ ಹೋಗುತ್ತಿದೆ ಎಂದು ಅಳೆಯುವುದೇ ಅವನ ಹೊಟ್ಟೆಪಾಡು. ಮೆತ್ತಗಿನ ಮನುಷ್ಯ. ಹೆಂಡತಿ ಕೈ ಎತ್ತಿ ಬಂದಾಗ ಇಡೀ ಓಣಿಯಲ್ಲಿ ನಗದಿದ್ದವನು ಅವನೊಬ್ಬನೇ.

ತಿಂಗಳ ಕೊನೆಗೆ ಒಂದು ದಿನ ಕೆಳಗಿನ ಸೇತುವೆಯ ಬಳಿ ಎದ್ದು ಬಂದವಳೇ ಶೇಖಮ್ಮ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟಳು.

"ನನ್ನ ಕೈಲೆ ಆಗಂಗಿಲ್ರಿ. ಮಂದಿ ನಕ್ಕರ ನಗಲಿ. ಬಿಟ್ಟಬಿಡ್ತೀನಿ."

ಮರಿಲಿಂಗಪ್ಪ ಮೊಬೈಲು ನೋಡಿದ. ಅವಳ ಮುಖ ನೋಡಿದ. ಮತ್ತೆ ಮೊಬೈಲು ನೋಡಿದ.

"ಎಷ್ಟ ಹೊತ್ತಿನಾಗ ಬಂದಿ ಅಂತ ಗೊತ್ತದೇನ ನಿಂಗ? ಬರೇ ಅರ್ಧಾ ತಾಸು. ಆ ವಿಡಿಯೋದಾಗಿನ ಮಂದಿ ಇದಕ್ಕಿಂತ ಏನ ಭಾಳ ಮುಂದ ಇಲ್ಲ."

"ನೀರ ಹರಿತದಲ್ರಿ. ಅದ ಒಯ್ದಿರ್ತದ."

"ಏ, ಇದೇನ ಹರಿತದ. ನೀರ ಅಳಿಯೋನು ನಾನೋ ನೀನೋ? ಮ್ಯಾಲಷ್ಟ ಹರಿದಂಗ ಕಾಣ್ತದ. ಲೆಕ್ಕಕ್ಕ ಹಿಡಿಯೋವಷ್ಟ ಇಲ್ಲ. ಅಷ್ಟೂ ನಿಂದ ಕೈ ಅದ."

ಅಷ್ಟೂ ನಿನ್ನದೇ ಕೈ. ಈ ಒಂದು ಮಾತು ಶೇಖಮ್ಮನನ್ನು ಮುಂದಿನ ಮೂರು ತಿಂಗಳು ನಡೆಸಿತು. ಸುರಪುರದ ರಸ್ತೆಯಲ್ಲಿ ತೊಡೆ ಉರಿದು ಸೈಕಲ್ ಒಗೆದು ಕೂರಬೇಕು ಎನಿಸಿದಾಗ, ಈಜು ಇದೆಯಲ್ಲ, ಎಂದುಕೊಳ್ಳುತ್ತಿದ್ದಳು. ಓಡುವಾಗ ನಾಯಿ ಅಟ್ಟಿಸಿಕೊಂಡು ಬಂದರೂ, ಹಾಸಿಗೆ ಬಿಟ್ಟೇಳಲು ಮನಸ್ಸು ಬಾರದಿದ್ದರೂ ಅದೇ ಮಂತ್ರ. ಸುರಪುರದ ತವರಿನ ಬಾವಿಯಲ್ಲಿ ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟು ಕಲಿಸಿದ ಈಜು ಅವಳದು. ಆ ಈಜಿನಲ್ಲಿ ಇಷ್ಟೊಂದು ಬರಕತ್ತು ಇತ್ತೆಂದು ಯಾರಿಗೆ ಗೊತ್ತಿತ್ತು? ಈಜು ಹೇಗೂ ಗಟ್ಟಿ ಇದೆಯೆಂದು ಅದನ್ನು ವಾರಕ್ಕೊಮ್ಮೆಗೆ ಇಳಿಸಿ, ಉಳಿದ ದಿನವೆಲ್ಲ ಸೈಕಲ್ಲಿಗೂ ಓಟಕ್ಕೂ ಕೊಟ್ಟಳು. ಹತ್ತನೆಯ ಕ್ಲಾಸಿನ ಹುಡುಗಿಯರು, ಈ ವಾರ ಎಷ್ಟ ಟೈಮ್ರಿ ಮೇಡಂ, ಎಂದು ಕೇಳಿದರೆ ಗತ್ತಿನಿಂದ ಹೇಳುತ್ತಿದ್ದಳು. ಅವರಲ್ಲಿ ನಾಲ್ವರು ತಮಗೂ ಈಜು ಕಲಿಸಿರೆಂದು ಬೆನ್ನು ಬಿದ್ದಿದ್ದರು.

ಸ್ಪರ್ಧೆಗೆ ಆರು ವಾರ ಉಳಿದಿತ್ತು. ಮಕ್ಕಳಿಬ್ಬರೂ ದಸರಾ ರಜೆಗೆ ಸುರಪುರಕ್ಕೆ ಹೋಗಿದ್ದರು. ಆ ಭಾನುವಾರ ಕ್ಯಾಂಪಿಗೆ ಮೇಲಿನ ಸಾಹೇಬರು ಬರುತ್ತಾರೆಂದು ಮರಿಲಿಂಗಪ್ಪನಿಗೆ ಬುಲಾವು ಬಂತು. ನೀ ಇವತ್ತ ಬ್ಯಾಡ, ನಾಳಿ ಹೋಗೂಣು, ಎಂದು ಅವನು ಹೇಳಿಯೇ ಹೋದ. ಶೇಖಮ್ಮನಿಗೆ ಒಂದು ವಾರದ ಈಜು ತಪ್ಪಿಸಲು ಮನಸ್ಸಾಗಲಿಲ್ಲ. ಒಬ್ಬಳೇ ಸೈಕಲ್ ಹತ್ತಿ ಬಂದು ಮೇಲಿನ ಸೇತುವೆಯ ಕಟ್ಟೆಗೆ ಅದನ್ನು ಒರಗಿಸಿದಳು. ಈಜುವಾಗ ಕತ್ತು ಕೊರೆಯುತ್ತದೆಂದು ತಾಳಿಯನ್ನು ಯಾವಾಗಲೂ ಗಂಡನ ಕಿಸೆಗೆ ಹಾಕುತ್ತಿದ್ದಳು. ಈಗ ಕಿಸೆ ಇರಲಿಲ್ಲ. ಚಪ್ಪಲಿ ಬಿಟ್ಟು, ಯಾರ ಕಾಲಿಗೂ ತಾಕದಂತೆ ಮೆಟ್ಟಿಲ ಪಕ್ಕ ಜೋಡಿಸಿಟ್ಟು, ತಾಳಿಯನ್ನು ಕರ್ಚೀಫಿನಲ್ಲಿ ಸುತ್ತಿ ಎಡ ಚಪ್ಪಲಿಯ ಒಳಗೆ ತುರುಕಿದಳು. ಸೇತುವೆಯ ಪಕ್ಕದಲ್ಲೇ ಕಾಲುವೆಯ ಗೇಟು, ಗೇಟಿನ ಪಕ್ಕ ಗೇಟು ನೋಡುವ ರಾಜಾಸಾಬನ ಕೋಣೆ. ಬಾಗಿಲು ಹಾಕಿತ್ತು. ಈಜಿ ಎದ್ದ ಮೇಲೆ ದಂಡೆಗುಂಟ ಬರಿಗಾಲಲ್ಲೇ ಓಡಿ ಬಂದರಾಯಿತು, ಓಟದ ಲೆಕ್ಕವೂ ಮುಗಿಯುತ್ತದೆ ಎಂದುಕೊಂಡು ನೀರಿಗಿಳಿದಳು.

ಕಾಲುವೆ ದಂಡೆಯ ಮೇಲೆ ಅಳತೆಗೆಂದು ಇಲಾಖೆಯವರು ನೆಟ್ಟ ಬಿಳಿ ಕಲ್ಲುಗಳಿವೆ. ಉಸಿರಿಗೆ ಮುಖ ಎತ್ತಿದಾಗೊಮ್ಮೆ ಶೇಖಮ್ಮ ಅವನ್ನು ನೋಡುತ್ತಿದ್ದಳು. ಮೊದಲ ಕಲ್ಲು ಬಂತು, ಹೋಯಿತು. ಎರಡನೆಯದೂ ಹೋಯಿತು. ಕೈ ಹಗುರಾಗಿತ್ತು, ಮನಸ್ಸು ಅದಕ್ಕಿಂತ ಹಗುರಾಗಿತ್ತು. ಕೆರೆಯ ದಂಡೆಯಲ್ಲಿ ತನ್ನ ಹೆಸರು ಮೈಕಿನಲ್ಲಿ ಕೂಗುತ್ತಿರುವಂತೆ ಎಣಿಸಿಕೊಂಡು ಸಾಗಿದಳು. ಅರ್ಧ ದಾರಿಯ ಹೊತ್ತಿಗೆ ಒಂದು ಕಲ್ಲು ಕಂಡಿತು. ಹತ್ತು ಕೈ ಹಾಕಿ ನೋಡಿದಳು, ಅದು ಅಲ್ಲೇ ಇತ್ತು. ಇನ್ನೂ ಇಪ್ಪತ್ತು ಹಾಕಿದಳು. ಕಲ್ಲು ಒಂದಿಷ್ಟು ಸರಿದಂತೆ ಕಂಡಿತು, ಅಷ್ಟೇ.

ಏನೋ ಆಗಿದೆ ಎನಿಸಿತು. ಭುಜ ಸೀಸ ತುಂಬಿದಂತೆ ಭಾರವಾಗುತ್ತಿತ್ತು. ಕಾಲು ಬಡಿದರೂ ಮೈ ಮುಂದೆ ಹೋಗುತ್ತಿರಲಿಲ್ಲ. ಪಕ್ಕದ ಕಾಂಕ್ರೀಟು ಗೋಡೆಯ ಮೇಲೆ ಗೇಣುದ್ದದ ಹಸಿ ಪಾಚಿ ಹೊಸದಾಗಿ ಕಾಣುತ್ತಿತ್ತು, ಆದರೆ ಅದರ ಅರ್ಥ ಹೊಳೆಯುವಷ್ಟು ಬುದ್ಧಿ ಆಗ ಉಳಿದಿರಲಿಲ್ಲ. ಹೃದಯಕ್ಕೇನೋ ಆಗುತ್ತಿದೆ, ಸಾಯುವಾಗ ಹೀಗೇ ಆಗುವುದಿರಬೇಕು ಎಂದುಕೊಂಡಳು. ಸುರಪುರದಲ್ಲಿರುವ ಮಕ್ಕಳಿಬ್ಬರ ಮುಖ ಕಣ್ಣ ಮುಂದೆ ಬಂತು. ಗೋಡೆ ಒಂದು ಕಡೆ ಒಡೆದು ಜಾಲಿಯ ಬೇರು ಹೊರಗೆ ಬಂದಿತ್ತು. ಅದನ್ನು ಹಿಡಿದು, ಜಾರಿ, ಮತ್ತೆ ಹಿಡಿದು, ಮೊಣಕೈ ಕೆತ್ತಿಸಿಕೊಂಡು ದಂಡೆಗೆ ಬಂದು ಬಿದ್ದಳು. ಕೆಳಗಿನ ಸೇತುವೆ ಇನ್ನೂ ದೂರದಲ್ಲಿ ಕಾಣುತ್ತಿತ್ತು.

ಎಷ್ಟೋ ಹೊತ್ತು ಹಾಗೇ ಮಲಗಿದ್ದಳು. ಎದೆ ಬಡಿತ ತಹಬಂದಿಗೆ ಬಂದ ಮೇಲೆ ನಾಚಿಕೆ ಶುರುವಾಯಿತು. ಸೈಕಲ್ ಮೇಲೆ ಬರುವಾಗ ತೊಟ್ಟಿದ್ದ ಬಟ್ಟೆಯೇ ಒದ್ದೆಯಾಗಿ ಮೈಗಂಟಿತ್ತು; ಗಂಡನ ಮೋಟರ್‌ಸೈಕಲ್ ಇಲ್ಲ, ಟವೆಲ್ಲಿಲ್ಲ. ಹತ್ತಿರದ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ನಿಲ್ಲಿಸಿದ ಬೆದರುಗೊಂಬೆಯೊಂದು ಹಳೆಯ ಶರಟು, ಹರಕು ಶಾಲು ಹೊದ್ದು ನಿಂತಿತ್ತು. ಅದರ ಮೈಮೇಲಿನದನ್ನು ಕಿತ್ತು ತಾನು ಹಾಕಿಕೊಂಡಳು. ಶಾಲನ್ನು ತಲೆಯ ಮೇಲೆ ಎಳೆದುಕೊಂಡು, ಮುಳ್ಳು ನೋಡಿ ನೋಡಿ ಹೆಜ್ಜೆ ಇಡುತ್ತಾ ಮೇಲಿನ ಸೇತುವೆಯ ಕಡೆ ನಡೆದಳು.

ದೂರದಿಂದಲೇ ಸೇತುವೆಯ ಮೇಲೆ ಮಂದಿ ಕಾಣಿಸಿತು. ಹತ್ತಿಪ್ಪತ್ತು ಜನ ಕಟ್ಟೆಗೆ ಬಗ್ಗಿ ನೀರು ನೋಡುತ್ತಿದ್ದರು. ಉದ್ದ ಬಿದಿರಿಗೆ ಕಬ್ಬಿಣದ ಕೊಂಡಿ ಕಟ್ಟಿದ ಇಬ್ಬರು ನೀರನ್ನು ತಡವುತ್ತಿದ್ದರು. ಯಾರೋ ಹಾರಿದ್ದಾರೆ. ಈಜು ಕಲಿಸಿ ಎಂದು ಗಂಟುಬಿದ್ದಿದ್ದ ಆ ನಾಲ್ವರು ಹುಡುಗಿಯರಲ್ಲಿ ಯಾರಾದರೂ ತಾವೇ ಇಳಿದುಬಿಟ್ಟರೋ ಏನೋ. ಕಾಲಿಗೆ ಚುಚ್ಚುವುದನ್ನೂ ಲೆಕ್ಕಿಸದೆ ಓಡಿದಳು.

ಎಲ್ಲರ ಬೆನ್ನು ಅವಳ ಕಡೆಗಿತ್ತು. ಕೊನೆಯಲ್ಲಿ ನಿಂತಿದ್ದವನು ಸೇತುವೆಯ ಬಳಿ ಸೈಕಲ್ ರಿಪೇರಿ ಮಾಡುವ ಮುದುಕ ಬಾಷುಮಿಯಾ.

"ಯಾರ್ರೀ ಕಾಕಾ?" ಎಂದಳು. ದನಿ ಏದುಸಿರಿಗೆ ಒಡೆದಿತ್ತು.

ಬಾಷುಮಿಯಾ ನೀರಿನಿಂದ ಕಣ್ಣು ಕೀಳಲಿಲ್ಲ. "ನಮ್ಮ ಪಿ.ಟಿ. ಟೀಚರ್ರವ್ವಾ. ಶೇಖಮ್ಮ. ಚಪ್ಪಲಿ ಬಿಟ್ಟು, ತಾಳಿ ಬಿಚ್ಚಿಟ್ಟು ಹಾರ್ಯಾಳ."

ಪಾಪ, ಎನಿಸಿತು ಶೇಖಮ್ಮನಿಗೆ. ನಿಜಕ್ಕೂ ಒಂದು ಗಳಿಗೆ ಹಾಗೆಯೇ ಎನಿಸಿತು, ಬೇರೆ ಯಾರದೋ ಸುದ್ದಿ ಕೇಳಿದವಳಂತೆ. ಆಮೇಲೆ ಆ ಹೆಸರು ತಿರುಗಿ ಬಂದು ಅವಳ ಎದೆಗೇ ಬಡಿಯಿತು. ನಾನೇ ಇಲ್ಲಿದ್ದೀನಿ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ತನ್ನದೇ ಹೆಸರು ಮತ್ತೆ ಕಿವಿಗೆ ಬಿತ್ತು.

ಮುಂದೆ ನಿಂತವರು ಮಾತಾಡಿಕೊಳ್ಳುತ್ತಿದ್ದರು. ಸಾವಿನ ಮನೆಯ ಮುಂದೆ ಕಾರಣಕ್ಕೆ ಬರವಿರುವುದಿಲ್ಲ ನೋಡಿ, ಇಲ್ಲಿಯೂ ಇರಲಿಲ್ಲ.

"ನಾಲ್ಕ ತಿಂಗಳಿಂದ ಹ್ಯಾಂಗ ಸೊರಗಿದ್ಳು. ಒಳಗ ಏನ ಇತ್ತೋ."

"ನಮ್ಮ ಮನಿ ಮದವಿಗೆ ಬಂದು ಹೋಳಿಗಿ ಮುಟ್ಟಲಿಲ್ಲ. ಬರೇ ಕೋಸಂಬರಿ ತಿಂದು ಎದ್ಳು. ನಂಗ ಅವತ್ತ ಅನುಮಾನ ಬಂದಿತ್ತ."

"ಮುಂಜಾನಿ ನಸಿಕಿನ್ಯಾಗ ಒಬ್ಬಾಕಿನೇ ಓಡತಿದ್ಳು. ಯಾರರೆ ಬೆನ್ನ ಹತ್ಯಾರೇನೋ ಅನ್ನಂಗ."

"ಗಂಡ ಕಾಡತಿದ್ದನೇನು?"

"ಯಾರಿಗೊತ್ತು. ಮೆತ್ತಗಿದ್ದವರದ ಹಂಗ ಇರ್ತದ."

ಇಡೀ ಊರು ತನ್ನ ಸಾಧನೆಯನ್ನು ಕಣ್ಣರಳಿಸಿ ನೋಡುತ್ತಿದೆ ಎಂದು ತಿಳಿದಿದ್ದಳು ಶೇಖಮ್ಮ. ಊರು ನೋಡಿದ್ದೇನೋ ನಿಜ. ಆದರೆ ಇಷ್ಟು ದಿನ ಅವಳಲ್ಲಿ ಅವರು ಕಂಡದ್ದು ಒಬ್ಬ ನೊಂದ ಹೆಂಗಸನ್ನು. ಪಥ್ಯ ಹಿಡಿದದ್ದು ಕೊರಗು, ಓಡಿದ್ದು ಭಯ, ಸುಮ್ಮನಿದ್ದದ್ದು ದುಃಖ. ಪಕ್ಕದ ಮನೆಯ ಶರೀಫಾಬೀ ಮೆಟ್ಟಿಲ ಮೇಲೆ ಒದ್ದೆ ಕೌದಿಗಳ ನಡುವೆ ಕೂತು, ಚಪ್ಪಲಿ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ಕೌದಿ ಒಗೆಯಲು ಬಂದ ಅವಳೇ ಮೊದಲು ಚಪ್ಪಲಿ ನೋಡಿ, ತಾಳಿ ನೋಡಿ, ಊರೆಲ್ಲ ಕೇಳುವಂತೆ ಕೂಗಿದ್ದಳು. ಆ ಕೂಗು ಕೇಳಿಯೇ ರಾಜಾಸಾಬ ಕೋಣೆಯಿಂದ ಓಡಿ ಬಂದು ಕಾಲುವೆಯಲ್ಲಿ ಯಾರಾದರೂ ಬಿದ್ದಾಗ ಮಾಡುವ ಮೊದಲ ಕೆಲಸ ಮಾಡಿದ್ದ. ಇಲ್ಲಿನ ಗೇಟು ಇಳಿಸಿದ್ದ, ಕೆಳಗಿನ ಸೇತುವೆಯ ಗೇಟನ್ನೂ ಫೋನು ಮಾಡಿ ಇಳಿಸಿದ್ದ. ಹೆಣ ದೂರ ಹೋಗಬಾರದು.

ಅಷ್ಟರಲ್ಲಿ ಮೋಟರ್‌ಸೈಕಲ್ ಸದ್ದಾಯಿತು. ಮರಿಲಿಂಗಪ್ಪ ಗಾಡಿಯನ್ನು ನಿಲ್ಲಿಸಲೂ ಇಲ್ಲ, ಹಾಗೇ ಕೆಡವಿ ಬಂದ. ಮಂದಿ ದಾರಿ ಬಿಟ್ಟರು. ಚಪ್ಪಲಿಯ ಕಡೆ, ಶರೀಫಾಬೀಯ ಕಡೆ ಅವನು ನೋಡಲಿಲ್ಲ. ನೇರ ನೀರು ನೋಡಿದ. ಕಾಲುವೆ ಅಲ್ಲಾಡದೆ ಬಿದ್ದಿತ್ತು.

"ಗೇಟ ಯಾರ ಇಳಿಸಿದ್ರು?"

"ನಾನ್ರಿ ಸಾಹೇಬ್ರ," ಎಂದ ರಾಜಾಸಾಬ. "ಟೀಚರಮ್ಮಾರು ಹಾರ್ಯಾರಂತ..."

"ಅಕಿ ಹಾರಿಲ್ಲ. ಈಜಾಕ ಇಳದಾಳ."

ರಾಜಾಸಾಬನ ಮುಖದಲ್ಲಿ ಜೀವ ಬಂತು. "ಹಂಗಾದ್ರ ಚಿಂತಿ ಇಲ್ಲಲ್ರಿ. ಈಜತಾರಲ್ಲ ಅವರು. ಈ ಬ್ರಿಜ್ಜಿನಿಂದ ಆ ಬ್ರಿಜ್ಜಿನ ತನಕ ವಾರಾ ವಾರಾ ನಾನ ನೋಡೀನಿ."

ಮರಿಲಿಂಗಪ್ಪ ಅಲ್ಲೇ, ಮಂದಿಯ ನಡುವೆ, ಡಾಂಬರಿನ ಮೇಲೆ ಕೂತುಬಿಟ್ಟ.

"ಅಕಿಗೆ ಅಷ್ಟ ದೂರ ಈಜಾಕ ಬರಂಗಿಲ್ಲ ರಾಜಾಸಾಬ. ನೀರ ಒಯ್ತಿತ್ತು. ಮುಕ್ಕಾಲ ಪಾಲು ನೀರಿಂದ, ಕಾಲ ಪಾಲು ಅಕಿಂದು. ನಾ ದಿನಾ ಅಳಿತೀನಿ, ನಂಗ ಗೊತ್ತಿಲ್ಲೇನು? ಅಕಿ ಕೇಳಿದ್ಳು, ನೀರ ಒಯ್ತದೇನ್ರಿ ಅಂತ. ನಾ ಇಲ್ಲ ಅಂದೆ. ಅಷ್ಟೂ ನಿಂದ ಕೈ ಅಂದೆ. ಅಕಿ ಮನಸ್ಸ ಸಣ್ಣದ ಮಾಡ್ಕೋಬಾರದಂತ ಪ್ರತಿ ಸಲ ನಿಮಿಷನೂ ಕಡಿಮಿ ಮಾಡಿ ಹೇಳೀನಿ. ನೀ ಗೇಟ ಇಳಿಸಿದ್ಯೆಲ್ಲ, ನಡು ಕಾಲುವ್ಯಾಗ ನೀರ ಅಕಿ ಕೈ ಬಿಟ್ಟದ. ನೀ ಅಲ್ಲ ಅಕಿನ್ನ ಕೊಂದವ. ನಾನು."

ಶೇಖಮ್ಮನಿಗೆ ಸತ್ತವಳು ತಾನೆಂದು ಕೇಳಿದಾಗ ಆಗಿದ್ದ ಆಘಾತ ಇದರ ಮುಂದೆ ಏನೂ ಅಲ್ಲ. ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು; ಇದು ಖರೇ. ಹಗಲೂ ರಾತ್ರಿ ಮಂತ್ರದ ಹಾಗೆ ಹೇಳಿಕೊಂಡದ್ದು, ಹುಡುಗಿಯರ ಮುಂದೆ ಗತ್ತಿನಿಂದ ಹೇಳಿದ್ದು, ಸೈಕಲ್ಲಿನ ಉರಿ, ಮೊಣಕಾಲಿನ ನೋವು ಎಲ್ಲವನ್ನೂ ಹೊತ್ತುಕೊಂಡು ನಿಂತಿದ್ದ ಒಂದೇ ಒಂದು ಕಂಬ. ಅದು ಕಾಲುವೆಯದಾಗಿತ್ತು. ಅವಳದ್ದಾಗಿರಲಿಲ್ಲ.

ಅವಳು ಶಾಲನ್ನು ತಲೆಯಿಂದ ಇಳಿಸಿದಳು.

"ನಿಂತ ನೀರಾಗ ನಂದು ಖರೇ ಟೈಮ ಎಷ್ಟ?"

ಬಾಷುಮಿಯಾ ಹೊರಳಿ ನೋಡಿದ, ನೋಡಿದವನೇ ಕಟ್ಟೆಗೆ ಆತುಕೊಂಡ. ಮುಂದಿದ್ದ ಇಬ್ಬರು ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಬಿದಿರು ಹಿಡಿದವನ ಕೈಯಿಂದ ಬಿದಿರು ನೀರಿಗೆ ಬಿತ್ತು. ಶರೀಫಾಬೀ ಎದ್ದು ಓಡಿ ಬಂದು, ಮೊದಲು ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಅಪ್ಪಿಕೊಂಡು, ಬೆದರುಗೊಂಬೆಯ ಧೂಳೆಲ್ಲ ತನ್ನ ಮೈಗೆ ಹತ್ತಿಸಿಕೊಂಡು ಅತ್ತಳು.

ಮರಿಲಿಂಗಪ್ಪ ಕೂತಲ್ಲಿಂದ ಏಳಲಿಲ್ಲ. ಹೆಂಡತಿಯ ಪಾದ ನೋಡಿದ, ಮುಳ್ಳು ಚುಚ್ಚಿ ರಕ್ತ ಬಂದದ್ದು ನೋಡಿದ, ಮುಖ ನೋಡಿದ. ಎರಡೂ ಕೈಯಿಂದ ಅವಳ ಕಾಲು ಹಿಡಿದುಕೊಂಡ. ಅಷ್ಟು ಮಂದಿಯ ಮುಂದೆ ಗಂಡಸು ಹೆಂಡತಿಯ ಕಾಲು ಹಿಡಿದದ್ದನ್ನು ಆ ಸೇತುವೆ ಎಂದೂ ಕಂಡಿರಲಿಲ್ಲ.

"ಬದುಕೀದಿ," ಎಂದ.

"ಟೈಮ ಎಷ್ಟಂತ ಕೇಳೀನಿ."

"ಈಗ್ಯಾಕದು?"

"ಈಗ ಬೇಕು."

ಅವನು ತಲೆ ತಗ್ಗಿಸಿದ. "ಎರಡ ತಾಸಿನ ಮ್ಯಾಲ. ಅದೂ ನೀ ಪೂರ್ತಿ ಈಜಿದ್ರ."

"ಗಡುವ ಎಷ್ಟದಂತ ಗೊತ್ತದಿಲ್ಲ ನಿಮಗ?"

"ಗೊತ್ತದ."

"ಅಲ್ಲಿ ಕೆರ್ಯಾಗ, ನಡು ನೀರಾಗ ನಿಂತಾಗ ನಂಗ ಗೊತ್ತಾಗಬೇಕಿತ್ತೇನು?"

"ಹೇಳಬೇಕಂತ ದಿನಾ ಅನ್ಕೋತಿದ್ದೆ. ಅವತ್ತ ನೀ ಬಿಡ್ತೀನಿ ಅಂತ ಅತ್ತಿ. ಅರ್ಧಾ ತಾಸು ಅಂದ ಕೂಡ್ಲೆ ನಿನ್ನ ಮಾರಿ ಹ್ಯಾಂಗಾತು ಗೊತ್ತೇನು. ಅಂಥಾ ಮಾರಿ ನೋಡಿ ನಂಗ ವರ್ಷಗಟ್ಲೆ ಆಗಿತ್ತು. ಮತ್ತ ಕಸಗೊಳ್ಳಾಕ ಮನಸ ಆಗಲಿಲ್ಲ."

ಶೇಖಮ್ಮನಿಗೆ ಅವನ ತಲೆಯ ಮೇಲೆ ಕೈ ಇಡಬೇಕು ಎನಿಸಿತು. ಅದೇ ಕೈಯಿಂದ ಕಪಾಳಕ್ಕೆ ಬಾರಿಸಬೇಕು ಎಂದೂ ಎನಿಸಿತು. ಎರಡನ್ನೂ ಮಾಡಲಿಲ್ಲ. ಪ್ರೀತಿಯಿಂದ ಮಾಡಿದ ಮೋಸಕ್ಕೆ ಹೇಗೆ ಸಿಟ್ಟು ಮಾಡಬೇಕೆಂದು ಯಾರೂ ಕಲಿಸಿರುವುದಿಲ್ಲ, ಅದಕ್ಕೇ ಅದು ಎಲ್ಲಕ್ಕಿಂತ ಕೆಟ್ಟದ್ದು. ಶರೀಫಾಬೀ ನಡುವೆ ಬಂದು, ಮನಿಗಿ ನಡಿ ಬೇಟಾ, ಬಿಸಿ ನೀರ ಹಾಕ್ತೀನಿ, ದೃಷ್ಟಿ ತೆಗಿತೀನಿ, ಎಂದು ಕೈ ಎಳೆದಳು. ಮಂದಿಗೂ ಇನ್ನು ಅಲ್ಲಿ ನಿಲ್ಲಲು ಮುಜುಗರವಾಗುತ್ತಿತ್ತು. ಆದರೆ ಸತ್ತವಳು ಎದ್ದು ಬಂದಿರುವಾಗ ಬಿಟ್ಟು ಹೋಗುವುದೂ ಹೇಗೆ?

ರಾಜಾಸಾಬನ ಫೋನು ಮೇಲಿಂದ ಮೇಲೆ ಕೂಗುತ್ತಿತ್ತು. ಕಾಲುವೆಯ ತುದಿಯ ಹೊಲದವರು. ಅವರ ಸರದಿಯ ದಿನ ನೀರು ಯಾಕೆ ನಿಂತಿತೆಂದು ಬೈಗುಳ ಫೋನಿನಿಂದ ಹೊರಗೂ ಕೇಳುತ್ತಿತ್ತು.

"ಟೀಚರಮ್ಮಾ, ನೀರ ಬಿಡಬೇಕ್ರಿ," ಎಂದ ಅವನು ಸಂಕೋಚದಿಂದ.

"ಬಿಡ್ರಿ. ಮದಲ ಸ್ವಲ್ಪ ಎತ್ರಿ, ಆಮ್ಯಾಲ ಜಾಸ್ತಿ ಮಾಡ್ರಿ."

ಹಾಗೆಂದವಳು ಮೆಟ್ಟಿಲಿಳಿಯತೊಡಗಿದಳು. ಬೆದರುಗೊಂಬೆಯ ಶರಟನ್ನು ಬಿಚ್ಚಿ ಶರೀಫಾಬೀಯ ಕೌದಿಯ ಮೇಲೆ ಒಗೆದಳು. ಹುಚ್ಚೇನ ನಿಂಗ, ಎಂದು ಶರೀಫಾಬೀ ಬೆನ್ನಟ್ಟಿ ಬಂದಳು. ರಾಜಾಸಾಬ ಗೇಟಿನ ಚಕ್ರಕ್ಕೆ ಕೈ ಹಾಕಿ ಮರಿಲಿಂಗಪ್ಪನ ಮುಖ ನೋಡಿದ. ಹೆಂಡತಿ ಏನು ಮಾಡಲು ಹೊರಟಿದ್ದಾಳೆಂದು ಮರಿಲಿಂಗಪ್ಪನಿಗೆ ಆಗ ತಿಳಿಯಿತು. ತಡೆಯಲಿಲ್ಲ. ಓಡಿ ಹೋಗಿ ರಾಜಾಸಾಬನ ಕೋಣೆಯಿಂದ ಹಗ್ಗ ತಂದು ಅವಳ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಸಡಿಲವಾಗಿ ತನ್ನ ಕೈಗೆ ಸುತ್ತಿಕೊಂಡು ಮೆಟ್ಟಿಲ ಮೇಲೆ ನಿಂತ.

"ಕಂಡದ್ದ ಹೇಳ್ರಿ," ಎಂದಳು ಶೇಖಮ್ಮ. "ಕಂಡದ್ದಷ್ಟ."

ಗೇಟಿನ ಅಡಿಯಿಂದ ನೀರು ಬುಸುಗುಟ್ಟಿ ಬಂತು. ಅವಳು ಮುಖವನ್ನು ಗೇಟಿನ ಕಡೆ ಮಾಡಿ, ಮೆಟ್ಟಿಲ ಪಕ್ಕದಲ್ಲೇ, ನೀರಿಗೆ ಎದುರಾಗಿ ಕೈ ಹಾಕಿದಳು. ಕಾಲುವೆಯಲ್ಲಿ ಹಾಗೆ ಯಾರೂ ಈಜುವುದಿಲ್ಲ. ಚಿಕ್ಕಂದಿನಿಂದ ಎಲ್ಲರಿಗೂ ಗೊತ್ತಿರುವುದು ನೀರಿನ ಸಂಗಡ ಹೋಗುವುದೊಂದೇ. ಎದುರು ತಿರುಗಿದಾಗ ಮೊದಲ ಬಾರಿಗೆ ಅವಳಿಗೆ ಆ ನೀರಿನ ಬಲ ತಿಳಿಯಿತು. ಹಣೆಗೆ, ಎದೆಗೆ ಒತ್ತಿ ಹಿಂದಕ್ಕೆ ದಬ್ಬುತ್ತಿತ್ತು. ಇಷ್ಟು ದಿನ ಬೆನ್ನಿಗೆ ಕೈ ಕೊಟ್ಟು ಒಯ್ದದ್ದು ಇದೇ.

"ಹಿಂದ ಹೊಂಟಿ," ಎಂದ ಮರಿಲಿಂಗಪ್ಪ.

ಕಾಲು ಬಡಿದಳು.

"ಇನ್ನೂ ಹಿಂದ. ಎರಡ ಮಾರು ಹಿಂದ."

"ಒಂದ ಮಾತ ಛಲೋ ಹೇಳಬಾರದೇನು?" ಎಂದು ಶರೀಫಾಬೀ ಗದರಿದಳು.

"ಇಲ್ಲಕ್ಕಾ," ಎಂದ ಅವನು. ಗಲ್ಲದ ಮೇಲಿಂದ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಹಿಂದ, ಶೇಖಮ್ಮ. ಮೆಟ್ಟಲಾ ದಾಟಿ ಕೆಳಗ ಬಂದಿ."

ಒಂದೊಂದು ಮಾತೂ ಹೊಡೆತ. ಆದರೆ ಕೈಯೊಳಗೆ ಏನೋ ತಿಳಿಯತೊಡಗಿತು. ನೀರನ್ನು ಹೊಡೆಯಬಾರದು, ಹಿಡಿಯಬೇಕು. ಹಿಡಿದು ಹಿಂದಕ್ಕೆ ಎಳೆಯಬೇಕು. ಬಾವಿಯಲ್ಲಿ ಇದು ಬೇಕಾಗಿರಲಿಲ್ಲ, ಕಾಲುವೆಯಲ್ಲಿ ಬೇಕಾಗಿರಲಿಲ್ಲ. ಹಿಡಿದಳು, ಎಳೆದಳು. ಮತ್ತೆ ಹಿಡಿದಳು. ಮೂಗಿಗೆ ನೀರು ಹೋಯಿತು, ಭುಜ ಕಿತ್ತು ಬರುವಂತಾಯಿತು. ಹಗ್ಗ ಸೊಂಟದಲ್ಲಿ ಸಡಿಲವಾಗಿಯೇ ಇತ್ತು, ಅವನು ಎಳೆಯುತ್ತಿರಲಿಲ್ಲ.

"ನಿಂತಿ," ಎಂದ ಅವನು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ನಿಂತ ಅದೀ. ಹಿಂದ ಹೋಗವಲ್ಲಿ."

ಅವಳು ಎಣಿಸಲಿಲ್ಲ, ಮೈಕು ನೆನೆಯಲಿಲ್ಲ, ಯಾವ ಮಂತ್ರವನ್ನೂ ಹೇಳಿಕೊಳ್ಳಲಿಲ್ಲ. ಮುಂದಿನ ಒಂದು ಕೈ, ಆಮೇಲೆ ಇನ್ನೊಂದು ಕೈ, ಅಷ್ಟೇ ಇತ್ತು ಲೋಕದಲ್ಲಿ.

"ಮುಂದ ಬಂದಿ," ಎಂದ ಮರಿಲಿಂಗಪ್ಪ. "ಮೆಟ್ಟಲಾ ದಾಟಿದಿ."

ಶೇಖಮ್ಮ ಉಸಿರಿಗೆಂದು ಮುಖ ಎತ್ತಿದಾಗ ಅವನ ಮುಖ ಕಂಡಿತು. ನಾಲ್ಕು ತಿಂಗಳು ಆ ಮುಖ ಹೇಳಿದ್ದನ್ನೆಲ್ಲ ನಂಬಿದ್ದಳು. ಈಗ ನಂಬಲಿಲ್ಲ. ಮುಂದೆ ಎಷ್ಟು ದಿನ ನಂಬಲಾಗದೋ ಅವಳಿಗೂ ತಿಳಿಯದು. ಕೈಯನ್ನು ಪಕ್ಕಕ್ಕೆ ಚಾಚಿ ತಾನೇ ತಡವಿ ನೋಡಿದಳು. ಮೆಟ್ಟಿಲ ಅಂಚು ಸಿಗಲಿಲ್ಲ. ಬರೀ ಗೋಡೆ, ನುಣ್ಣಗಿನ ಹಸಿ ಪಾಚಿ. ಮೆಟ್ಟಿಲು ಹಿಂದೆ, ಅವಳ ಕಾಲಿನ ಹತ್ತಿರ ಉಳಿದಿತ್ತು.